ಡ್ರಾಯಿಂಗ್ ವಾಟ್ಸಾಪ್‌ಗೇ ಬರುತ್ತೆ, ಮತ್ತೆ ಇಮೇಲ್ ಯಾಕೆ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಎರಡು ಸಿಎನ್‌ಸಿ, ಮೂರು ಲೇಥ್, ಒಟ್ಟು ಒಂಬತ್ತು ಜನ. ಡ್ರಾಯಿಂಗ್, ರೇಟು, ಚಲನ್, ಬಿಲ್ಲು ಎಲ್ಲ ವಾಟ್ಸಾಪ್‌ನಲ್ಲೇ ನಡೆಯುತ್ತೆ. ಇಮೇಲ್ ತೆರೆದು ತಿಂಗಳುಗಟ್ಟಲೆ ಆಯಿತು. ತೆರೆದರೂ ಬರೀ ಲೋನು, ಆಫರ್. ಹೋದ ತಿಂಗಳು ಬುಷ್‌ಗಳ (ಶಾಫ್ಟ್ ಸುತ್ತ ಕೂರುವ ಬಳೆಯಂಥ ಭಾಗ) ಒಂದು ಲಾಟ್ ರಿಜೆಕ್ಟ್ ಆಯಿತು. ಬದಲಾದ ಡ್ರಾಯಿಂಗ್ ಕಳಿಸಿದ್ದೆವು ಅಂತ ಆರ್ಡರ್ ಕೊಟ್ಟ ಪಾರ್ಟಿಯವರು, ಬಂದೇ ಇಲ್ಲ ಅಂತ ನಾವು. ಚಾಟ್ ತೆಗೆದು ನೋಡಿದರೆ ‘ಮೆಸೇಜ್ ಡಿಲೀಟ್ ಆಗಿದೆ’ ಅಂತ ಎರಡು ಸಾಲು ಮಾತ್ರ. ಇನ್ನು ಮೇಲೆ ಎಲ್ಲ ಇಮೇಲ್‌ನಲ್ಲೇ ಆಗಲಿ ಅಂತ ಮಗಳು ಹಟ ಹಿಡಿದಿದ್ದಾಳೆ. ಜಗತ್ತೇ ವಾಟ್ಸಾಪ್‌ಗೆ ಬಂದಿರುವಾಗ ನಾವು ಹಿಂದಕ್ಕೆ ಹೋಗಬೇಕಾ?

ಉತ್ತರ: ಹಿಂದಕ್ಕೆ ಹೋಗುವುದು ಬೇಡ. ಜಾಬ್ ಮಷಿನ್ ಮೇಲಿರುವಾಗಲೇ ‘ಸರ್, ಈ ಚಾಂಫರ್ (ಅಂಚಿನ ಓರೆ) ಎಷ್ಟು?’ ಅಂತ ಕೇಳಿ ಎರಡು ನಿಮಿಷದಲ್ಲಿ ಉತ್ತರ ಪಡೆಯುವ ಅನುಕೂಲ ಇಮೇಲ್‌ನಲ್ಲಿ ಸಿಗುವುದಿಲ್ಲ. ಎಲ್ಲವನ್ನೂ ಇಮೇಲ್‌ಗೆ ಹಾಕಿ ಅಂತ ಪಾರ್ಟಿಗಳಿಗೆ ಹೇಳಿದರೆ ಅವರು ಪಕ್ಕದ ಶೆಡ್‌ಗೆ ಹೋಗುತ್ತಾರೆ. ಹಾಗಂತ ಮಗಳ ಮಾತನ್ನು ತಳ್ಳಿಹಾಕಬೇಡಿ. ಅವರು ಬೆರಳಿಟ್ಟಿರುವ ಜಾಗ ಸರಿಯಾಗಿದೆ, ಕೇಳುತ್ತಿರುವುದು ಸ್ವಲ್ಪ ಜಾಸ್ತಿ ಅಷ್ಟೇ.

ಮೊದಲು ಆ ಎರಡು ಸಾಲುಗಳನ್ನೇ ನೋಡೋಣ. ವಾಟ್ಸಾಪ್‌ನಲ್ಲಿ ಕಳಿಸಿದವರು ತಮ್ಮ ಮೆಸೇಜನ್ನು ನಿಮ್ಮ ಫೋನಿನಿಂದಲೂ ಅಳಿಸಬಹುದು. 2017ರಲ್ಲಿ ಈ ಸೌಲಭ್ಯ ಬಂದಾಗ ಏಳು ನಿಮಿಷದೊಳಗೆ ಅಳಿಸಬೇಕಿತ್ತು. 2022ರ ಆಗಸ್ಟ್‌ನಿಂದ ಅದು ಎರಡು ದಿನ 12 ಗಂಟೆ ಆಗಿದೆ. ಅಂದರೆ ಸೋಮವಾರ ಬೆಳಗ್ಗೆ ಬಂದ ಡ್ರಾಯಿಂಗ್ ಬುಧವಾರ ಸಂಜೆ ಮಾಯವಾಗಬಹುದು. ಅಷ್ಟರಲ್ಲಿ ನಿಮ್ಮ ಹುಡುಗ ಅದರ ಪ್ರಕಾರ 200 ನಗ ತಿರುಗಿಸಿಯೂ ಆಗಿರುತ್ತೆ. ಉಳಿಯುವುದು ಆ ಖಾಲಿ ಸಾಲು, ಅದರ ಪಕ್ಕದಲ್ಲಿ ದಿನ ಮತ್ತು ಗಂಟೆ. ಅವನ್ನು ಬರೆದಿಟ್ಟುಕೊಳ್ಳಿ. ಆದರೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ: ಆ ಹೊತ್ತಿಗೆ ಏನೋ ಒಂದು ಬಂದಿತ್ತು ಅನ್ನುವುದನ್ನೂ ಆ ಸಾಲೇ ಹೇಳುತ್ತೆ. ‘ಬಂದೇ ಇಲ್ಲ’ ಅನ್ನುವ ನಿಮ್ಮ ಮಾತಿಗೆ ಅದು ಪೂರ್ತಿ ಜೊತೆ ಕೊಡುವುದಿಲ್ಲ. ಹಳೆಯ ಡ್ರಾಯಿಂಗ್ ಅಳಿಸಿ ಹೊಸದು ಹಾಕಿದರೋ, ಹೊಸದನ್ನೇ ಅಳಿಸಿದರೋ, ಅದು ಕಳಿಸಿದವರಿಗೇ ಗೊತ್ತು.

ಇದಕ್ಕಿಂತ ಸದ್ದಿಲ್ಲದೆ ಕೆಲಸ ಮಾಡುವುದು ತಾನಾಗಿ ಮಾಯವಾಗುವ ಮೆಸೇಜು. ಇಬ್ಬರ ಚಾಟ್‌ನಲ್ಲಿ ಯಾರು ಬೇಕಾದರೂ ಅದನ್ನು ಆನ್ ಮಾಡಬಹುದು. 24 ಗಂಟೆ, 7 ದಿನ, 90 ದಿನ ಅಂತ ಮೂರು ಆಯ್ಕೆ ಇದೆ. ಆನ್ ಮಾಡಿದ್ದು ಅವರಾದರೂ, ಅಲ್ಲಿಂದ ಮುಂದೆ ನೀವು ಬರೆದದ್ದೂ ಹೋಗುತ್ತೆ. ಚಾಟ್ ನಡುವೆ ಅದನ್ನು ತಿಳಿಸುವ ಸಣ್ಣದೊಂದು ಸಾಲು ಬಂದಿರುತ್ತೆ. ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಅದನ್ನು ಓದುವವರು ಯಾರು? ಬಿಲ್ಲಿನ ದುಡ್ಡು ಬರಲು ಮೂರು ತಿಂಗಳು ಕಾಯುವ ಧಂಧೆಯಲ್ಲಿ 90 ದಿನ ಅನ್ನುವುದು ಏನೂ ಅಲ್ಲ ಅಂತ ನಿಮಗೇ ಗೊತ್ತು.

ಫೋಟೋ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬುಷ್ ರಿಜೆಕ್ಟ್ ಆಗುವುದರಲ್ಲಿ ಇದರ ಪಾಲು ದೊಡ್ಡದು. ಡ್ರಾಯಿಂಗನ್ನು ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿಯೇ ಕಳಿಸುತ್ತೆ. ಎ3 ಹಾಳೆಯ ಮೂಲೆಯಲ್ಲಿ ಬರೆದ ‘25 ಎಚ್7’ ದೊಡ್ಡದು ಮಾಡಿ ನೋಡಿದರೆ ಮಸುಕು. ಅದು 7 ಹೌದೋ 8 ಹೌದೋ? ಎಚ್7 ಆದರೆ ಅಳತೆ ಹೆಚ್ಚುಕಡಿಮೆ ಆಗಲು ನಿಮಗೆ ಸಿಗುವ ಜಾಗ 21 ಮೈಕ್ರಾನ್, ಎಚ್8 ಆದರೆ 33. ಆ 12 ಮೈಕ್ರಾನ್‌ನಲ್ಲಿ ಇಡೀ ಲಾಟ್ ಹೋಗುತ್ತೆ. ಅದಕ್ಕೇ ಡ್ರಾಯಿಂಗನ್ನು ‘ಡಾಕ್ಯುಮೆಂಟ್’ ಅಂತ ಆರಿಸಿ ಪಿಡಿಎಫ್ ಕಳಿಸಲು ಹೇಳಿ. ಹಾಗೆ ಕಳಿಸಿದ ಫೈಲು ಕುಗ್ಗುವುದಿಲ್ಲ. ಇನ್ನೊಂದು, ಬಂದ ಫೈಲನ್ನು ಅಂದೇ ತೆರೆದು ಇಳಿಸಿಕೊಳ್ಳಿ. ವಾಟ್ಸಾಪ್‌ನ ಸರ್ವರ್ ನಿಮ್ಮ ಗೋಡೌನ್ ಅಲ್ಲ. ಆಮೇಲೆ ನೋಡೋಣ ಅಂತ ಬಿಟ್ಟ ಫೈಲನ್ನು ತಿಂಗಳುಗಳಾದ ಮೇಲೆ ಮುಟ್ಟಿದರೆ ‘ಮತ್ತೊಮ್ಮೆ ಕಳಿಸಲು ಹೇಳಿ’ ಅಂತ ಬರುವುದನ್ನು ನೀವೂ ನೋಡಿರುತ್ತೀರಿ.

ಇಮೇಲ್‌ನ ನಡತೆ ಬೇರೆ. ನೀವು ಮೇಲ್ ಕಳಿಸಿದಾಗ ಒಂದು ಪ್ರತಿ ನಿಮ್ಮ ‘ಸೆಂಟ್’ನಲ್ಲಿ ಉಳಿಯುತ್ತೆ, ಇನ್ನೊಂದು ಅವರ ಸರ್ವರ್‌ಗೆ ಹೋಗಿ ಕೂರುತ್ತೆ. ಆಮೇಲೆ ನಿಮ್ಮ ಪ್ರತಿಯನ್ನು ಅವರು, ಅವರ ಪ್ರತಿಯನ್ನು ನೀವು ಮುಟ್ಟಲು ಆಗುವುದಿಲ್ಲ. ಜಿಮೇಲ್‌ನಲ್ಲಿ ‘ಅನ್‌ಡೂ’ ಇದೆಯಲ್ಲ ಅಂದರೆ, ಅದು ಹೆಚ್ಚೆಂದರೆ 30 ಸೆಕೆಂಡು ಮೇಲನ್ನು ಬಾಗಿಲಲ್ಲಿ ತಡೆದು ನಿಲ್ಲಿಸುವುದಷ್ಟೇ. ಹೊರಟ ಮೇಲೆ ಹೊರಟ ಹಾಗೆಯೇ. ಇಷ್ಟು ವರ್ಷ ನಾವೆಲ್ಲ ಬೈದುಕೊಂಡ ಇಮೇಲ್‌ನ ಈ ಜಡತನವೇ ನಿಮಗೆ ಈಗ ಬೇಕಾಗಿರುವುದು.

ಹಾಗಾದರೆ ವಾಟ್ಸಾಪ್‌ನಲ್ಲಿ ಬರೆದದ್ದಕ್ಕೆ ಬೆಲೆಯೇ ಇಲ್ಲವಾ? ಇದೆ. 2018ರಲ್ಲಿ ಕ್ರೆಡಿಟ್ ಕಾರ್ಡ್ ಬಾಕಿಯ ಒಂದು ಪ್ರಕರಣದಲ್ಲಿ, ನೋಟಿಸಿನ ಪಿಡಿಎಫ್ ತಲುಪಿದ್ದಷ್ಟೇ ಅಲ್ಲ, ತೆರೆದೂ ನೋಡಿದ್ದಾರೆ ಅಂತ ನೀಲಿ ಟಿಕ್ ನೋಡಿ ಬಾಂಬೆ ಹೈಕೋರ್ಟ್ ಒಪ್ಪಿಕೊಂಡಿತು. ನನಗೆ ಹೆಚ್ಚು ಇಷ್ಟವಾಗುವುದು ಕೋವಿಡ್ ಕಾಲದ ಒಂದು ಆದೇಶ. 2020ರ ಜುಲೈ 10ರಂದು ಸುಪ್ರೀಂ ಕೋರ್ಟ್, ನೋಟಿಸು ಸಮನ್ಸುಗಳನ್ನು ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್ ಮೂಲಕವೂ ಕಳಿಸಬಹುದು ಅಂತ ಹೇಳಿತು. ಹೇಳಿ ಒಂದು ಷರತ್ತು ಹಾಕಿತು: ಹಾಗೆ ಕಳಿಸುವವರು ಅದೇ ಕಾಗದವನ್ನು ಅದೇ ದಿನ ಇಮೇಲ್‌ನಲ್ಲೂ ಕಳಿಸಬೇಕು.

ನಿಮ್ಮ ಶಾಪಿಗೆ ನಾನು ಹೇಳುವುದೂ ಇಷ್ಟೇ. ಮಾತುಕತೆ ವಾಟ್ಸಾಪ್‌ನಲ್ಲಿ ಆಗಲಿ. ಅಳತೆ, ರೇಟು, ಸಂಖ್ಯೆ, ತಾರೀಖು, ಈ ನಾಲ್ಕರಲ್ಲಿ ಯಾವುದು ಬದಲಾದರೂ ಅದೇ ದಿನ ಒಂದು ಮೇಲ್ ಹೋಗಲಿ. ಪಾರ್ಟಿ ಇಮೇಲ್ ನೋಡುವುದಿಲ್ಲ ಅಂತ ನೀವು ಅನ್ನಬಹುದು. ನೋಡದಿದ್ದರೆ ಬಿಡಿ, ಕಳಿಸಬೇಕಾದವರು ನೀವು. ಬೆಳಗ್ಗೆ 11.40ಕ್ಕೆ ವಾಟ್ಸಾಪ್‌ನಲ್ಲಿ ಡ್ರಾಯಿಂಗ್ ಬಂತು ಅನ್ನಿ. ಮಗಳು ಅದೇ ಪಿಡಿಎಫ್ ಲಗತ್ತಿಸಿ ಹೀಗೆ ಬರೆಯಲಿ: ‘ಇವತ್ತು 11.40ಕ್ಕೆ ನೀವು ಕಳಿಸಿದ ಡ್ರಾಯಿಂಗ್ ಇದು. ರಿವಿಷನ್ ಬಿ. ಇದರಂತೆ 400 ನಗ ಮಾಡಲಿದ್ದೇವೆ. ಬದಲಾವಣೆ ಇದ್ದರೆ ನಾಳೆ ಬೆಳಗ್ಗೆ 10ರೊಳಗೆ ಈ ಮೇಲ್‌ಗೇ ತಿಳಿಸಿ, ಆಮೇಲೆ ಮಷಿನ್‌ಗೆ ಹಾಕುತ್ತೇವೆ.’ ಸಬ್ಜೆಕ್ಟ್‌ನಲ್ಲಿ ಪಿ.ಒ. (ಪರ್ಚೇಸ್ ಆರ್ಡರ್) ನಂಬರು, ಪಾರ್ಟ್ ನಂಬರು, ರಿವಿಷನ್ ಇರಲಿ. ಎರಡು ವರ್ಷದ ಮೇಲೆ ಹುಡುಕುವಾಗ ಕೈಗೆ ಸಿಗುವುದು ಅದೇ. ಆಮೇಲೆ ವಾಟ್ಸಾಪ್‌ನಲ್ಲಿ ‘ಮೇಲ್ ಹಾಕಿದ್ದೇನೆ ಸರ್’ ಅಂತ ಒಂದು ಸಾಲು. ಒಟ್ಟು ಐದು ನಿಮಿಷದ ಕೆಲಸ. ಭಾಷೆ ಕನ್ನಡವೋ ಮರಾಠಿಯೋ, ಅವರಿಗೆ ತಿಳಿದರೆ ಸಾಕು. ಇಂಗ್ಲಿಷ್ ಬರುವುದಿಲ್ಲ ಅಂತ ಇಮೇಲ್‌ಗೆ ಹೆದರುವವರನ್ನು ನಾನು ತುಂಬ ಜನ ನೋಡಿದ್ದೇನೆ, ಸುಮ್ನೆ ಹೆದರಿಕೆ.

ಎಲ್ಲಾದರೂ ಕೋರ್ಟಿಗೆ ಹೋದರೆ ಸ್ಕ್ರೀನ್‌ಶಾಟ್ ಮಾತ್ರ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ನೀವು, ಇನ್ನೊಂದನ್ನು ತಜ್ಞರು ತುಂಬಬೇಕು. ಇಮೇಲ್‌ಗೂ ಇದೇ ನಿಯಮ, ಅದಕ್ಕೇನೂ ರಿಯಾಯಿತಿ ಇಲ್ಲ. ವ್ಯತ್ಯಾಸ ಇಷ್ಟೇ: ಮೇಲ್ ಇದ್ದಲ್ಲೇ ಇರುತ್ತೆ, ಚಾಟ್ ಇರುವುದು ಆ ಫೋನಿನ ಆಯುಸ್ಸು ಇರುವ ತನಕ.

ಫೋನಿನ ಆಯುಸ್ಸು ಅಂದೆನಲ್ಲ, ಅದರಲ್ಲಿ ನಾನೇ ಪೆಟ್ಟು ತಿಂದವನು. ಹತ್ತು ವರ್ಷದ ಹಿಂದೆ ಬಸ್ಸಿನಲ್ಲಿ ಫೋನ್ ಕಳೆದುಕೊಂಡೆ. ಹೊಸ ಫೋನ್ ತಂದೆ, ಅದೇ ನಂಬರಿನ ಸಿಮ್ ಪಡೆದೆ. ಬ್ಯಾಕಪ್ ಇದೆಯಲ್ಲ ಅಂತ ನಿಶ್ಚಿಂತೆಯಿಂದಿದ್ದೆ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಬ್ಯಾಕಪ್ ಹೋಗುವುದು ಗೂಗಲ್ ಖಾತೆಗೆ. ಆ ಖಾತೆಯನ್ನು ತೆರೆದಿದ್ದವನು ಫೋನ್ ಮಾರಿದ ಅಂಗಡಿಯ ಹುಡುಗ. ಹೆಸರಿನ ಮುಂದೆ ಏನೋ ನಾಲ್ಕು ಅಂಕಿ ಹಾಕಿ, ಪಾಸ್‌ವರ್ಡ್ ತಾನೇ ಇಟ್ಟು, ‘ಎಲ್ಲ ರೆಡಿ ಸರ್’ ಅಂದಿದ್ದ. ಆ ಪಾಸ್‌ವರ್ಡ್ ನನಗೂ ಗೊತ್ತಿಲ್ಲ, ಅವನಿಗೂ ನೆನಪಿಲ್ಲ. ಗಿರಾಕಿಗಳ ಜೊತೆಗಿನ ಮೂರು ವರ್ಷದ ಮಾತು ಹೋಯಿತು. ನೀವು ‘ಇಮೇಲ್ ಬಳಸುವುದೇ ಇಲ್ಲ’ ಅನ್ನುತ್ತೀರಿ. ನಿಮ್ಮದು ಆಂಡ್ರಾಯ್ಡ್ ಆಗಿದ್ದರೆ, ನಿಮ್ಮ ವಾಟ್ಸಾಪ್‌ನ ಪೂರ್ತಿ ಭಾರ ಈಗಲೂ ಒಂದು ಜಿಮೇಲ್ ಮೇಲೆ ನಿಂತಿದೆ. ಅದೇ ಖಾತೆಯ 15 ಜಿಬಿ ಉಚಿತ ಜಾಗದಲ್ಲೇ ಈಗ ಬ್ಯಾಕಪ್ಪೂ ಲೆಕ್ಕಕ್ಕೆ ಬರುತ್ತೆ. ಜಾಗ ತುಂಬಿದರೆ ಬ್ಯಾಕಪ್ ನಿಲ್ಲುತ್ತೆ.

ನಂಬರಿನ ವಿಷಯ ಇನ್ನೂ ನಾಜೂಕು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮಾರಾಟ ನೋಡಿಕೊಳ್ಳುತ್ತಿದ್ದವರ ಸ್ವಂತ ನಂಬರಿಗೇ ಎಲ್ಲ ಪಾರ್ಟಿಗಳು ಮೆಸೇಜ್ ಹಾಕುತ್ತಿದ್ದರು. ಅವರು ಕೆಲಸ ಬಿಟ್ಟ ದಿನ ನಂಬರೂ ಹೋಯಿತು, ಹಳೆಯ ರೇಟುಗಳೂ ಹೋದವು, ಕೆಲವು ಪಾರ್ಟಿಗಳೂ ಹೋದವು. ಅವರನ್ನು ಬೈಯುವ ಹಾಗೂ ಇಲ್ಲ, ಸಿಮ್ ಅವರದೇ ಅಲ್ವಾ? ರೀಚಾರ್ಜ್ ಮಾಡದೆ ಬಿಟ್ಟ ನಂಬರು ಬಂದ್ ಆದರೆ ಕಂಪನಿ ಅದನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. 2023ರಲ್ಲಿ ಇದು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ನಂಬರು ಬಿಡುವ ಮೊದಲು ವಾಟ್ಸಾಪ್ ಖಾತೆಯನ್ನು ಅಳಿಸಿಕೊಳ್ಳುವುದು ಬಳಸುವವರ ಕೆಲಸ ಅಂತ ಕೋರ್ಟ್ ಹೇಳಿತು. ಅಷ್ಟೇ ಅಲ್ಲ, ನಿಯಮ ಮೀರಿದ್ದೀರಿ ಅಂತ ವಾಟ್ಸಾಪ್ ತಾನೇ ಖಾತೆ ಮುಚ್ಚಬಹುದು. 2023ರ ಆಗಸ್ಟ್ ಒಂದೇ ತಿಂಗಳಲ್ಲಿ ಭಾರತದಲ್ಲಿ 74 ಲಕ್ಷ ಖಾತೆ ಮುಚ್ಚಿತ್ತು. ಬಹಳಷ್ಟು ಮೋಸದವರದೇ ಇರಬಹುದು. ಆದರೆ ಹಬ್ಬಕ್ಕೆ ಎಲ್ಲರಿಗೂ ಒಟ್ಟಿಗೆ ಆಫರ್ ಕಳಿಸುವ ಉತ್ಸಾಹದಲ್ಲಿ ಸಿಕ್ಕಿಬೀಳುವ ವ್ಯಾಪಾರಿಗಳೂ ಇದ್ದಾರೆ.

‘ಇಮೇಲ್ ಸಾಯುತ್ತೆ’ ಅನ್ನುವ ಮಾತು ಹೊಸದೇನಲ್ಲ. 2010ರ ನವೆಂಬರ್‌ನಲ್ಲಿ ಮಾರ್ಕ್ ಜುಕರ್‌ಬರ್ಗ್ ಫೇಸ್‌ಬುಕ್ ಮೆಸೇಜಿಗೇ ಇಮೇಲ್ ವಿಳಾಸ ಸೇರಿಸಿ ಎಲ್ಲವನ್ನೂ ಒಂದೇ ಕಡೆ ತರಲು ಹೊರಟರು. ಈಗಿನ ಹುಡುಗರಿಗೆ ಇಮೇಲ್ ನಿಧಾನ ಅನ್ನುವುದು ಅವರ ಮಾತಾಗಿತ್ತು. ಜನ ಆ ವಿಳಾಸ ಬಳಸಲಿಲ್ಲ, 2014ರಲ್ಲಿ ಅದನ್ನು ಮುಚ್ಚಿದರು. ತಮಾಷೆ ಅಂದರೆ, ಅದೇ ವರ್ಷದ ಫೆಬ್ರವರಿಯಲ್ಲಿ 1,900 ಕೋಟಿ ಡಾಲರಿಗೆ ವಾಟ್ಸಾಪ್ ಕೊಳ್ಳುವುದಾಗಿ ಘೋಷಿಸಿದರು. ಫ್ರಾನ್ಸಿನ ಅಟೋಸ್ ಕಂಪನಿಯ ಮುಖ್ಯಸ್ಥ ಥಿಯೆರಿ ಬ್ರೆಟನ್ 2011ರಲ್ಲಿ ಕಂಪನಿಯ ಒಳಗೆ ಇಮೇಲನ್ನೇ ಸೊನ್ನೆ ಮಾಡುವುದಾಗಿ ಹೇಳಿದ್ದರು. ಸೊನ್ನೆ ಆಗಲಿಲ್ಲ, ಕಡಿಮೆಯಂತೂ ಆಯಿತು. ಗಮನಿಸಿ, ಅವರು ಹೇಳಿದ್ದು ಒಳಗಿನ ಪತ್ರಗಳ ಬಗ್ಗೆ ಮಾತ್ರ. ಅಷ್ಟರ ಮಟ್ಟಿಗೆ ನಾನೂ ಅವರ ಪರ. ನಿಮ್ಮ ಒಂಬತ್ತು ಜನರ ನಡುವೆ ‘ಕೂಲಂಟ್ ಖಾಲಿ’, ‘ನಾಳೆ ರಜೆ’ ಅನ್ನುವುದಕ್ಕೆಲ್ಲ ಗ್ರೂಪೇ ಸಾಕು, ಅಲ್ಲಿ ಇಮೇಲ್ ತಂದರೆ ನಗೆಪಾಟಲು.

ಹೊರಗಿನ ಮಾತು ಬಂದಾಗ ಲೆಕ್ಕ ಬದಲಾಗುತ್ತೆ. ಬೆಂಗಳೂರಿನಲ್ಲಿ ಓದಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ 1996ರ ಜುಲೈ 4ರಂದು ಹಾಟ್‌ಮೇಲ್ ಶುರು ಮಾಡಿದರು. ಮರುವರ್ಷ ಮೈಕ್ರೋಸಾಫ್ಟ್ ಅದನ್ನು ಕೊಂಡಿತು, ಮುಂದೆ ಹೆಸರೂ ಔಟ್‌ಲುಕ್ ಅಂತಾಯಿತು. ಆದರೂ ಬಿಡದೆ ಬಳಸಿಕೊಂಡು ಬಂದವರ ಹಳೆಯ ಹಾಟ್‌ಮೇಲ್ ವಿಳಾಸಕ್ಕೆ ಇವತ್ತಿಗೂ ಮೇಲ್ ಬರುತ್ತೆ, ಯಾವ ಕಂಪನಿಯ ಖಾತೆಯಿಂದ ಬೇಕಾದರೂ ಬರುತ್ತೆ. ಈ ನಡುವೆ ಯಾಹೂ ಮೆಸೆಂಜರ್ 2018ರಲ್ಲಿ, ಬ್ಲ್ಯಾಕ್‌ಬೆರಿ ಮೆಸೆಂಜರ್ 2019ರಲ್ಲಿ, ನಮ್ಮದೇ ಹೈಕ್ 2021ರಲ್ಲಿ ಬಾಗಿಲು ಹಾಕಿದವು. ಹಾಗಾದರೆ ಜೋಹೋ ಕಂಪನಿಯವರ ಮೆಸೇಜ್ ಆ್ಯಪ್ ಅರಟ್ಟೈ ಹಾಕಿಕೊಳ್ಳಲಾ ಅಂತ ಕೇಳುವವರು ಈಚೆಗೆ ಜಾಸ್ತಿ. ಧಾರಾಳವಾಗಿ ಹಾಕಿಕೊಳ್ಳಿ. ತಮಿಳಿನ ಅರಟ್ಟೈ, ನಮ್ಮ ಹರಟೆ, ಎರಡೂ ಒಂದೇ ಬಳ್ಳಿಯ ಕಾಯಿ. ಆದರೆ ಅಲ್ಲಿಂದ ವಾಟ್ಸಾಪ್‌ನಲ್ಲಿರುವವರಿಗೆ ಮೆಸೇಜ್ ಹಾಕಲು ಆಗುವುದಿಲ್ಲ. ಹರಟೆಗೆ ಇಬ್ಬರೂ ಒಂದೇ ಕಟ್ಟೆಗೆ ಬಂದು ಕೂರಬೇಕು. ಯುರೋಪಿನಲ್ಲಿ ಕಾನೂನು ತಂದು ವಾಟ್ಸಾಪ್‌ನ ಬಾಗಿಲನ್ನು ಬೇರೆ ಆ್ಯಪ್‌ಗಳಿಗೆ ತೆರೆಸುತ್ತಿದ್ದಾರೆ, ನಮ್ಮಲ್ಲಿ ಅಂಥ ಕಾನೂನು ಇಲ್ಲ.

2021ರ ಅಕ್ಟೋಬರ್ 4ರ ರಾತ್ರಿ ನೆನಪಿದೆಯಾ? ಒಂಬತ್ತು ದಾಟುತ್ತಿದ್ದಂತೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತವು. ದುರಸ್ತಿಗೆ ಅಂತ ಕೊಟ್ಟ ಒಂದು ಕಮಾಂಡ್ ಅವರ ಒಳಗಿನ ಜಾಲವನ್ನೇ ಕಡಿದು ಹಾಕಿತ್ತು. ಸುಮಾರು ಆರು ಗಂಟೆ ಹೀಗೇ ಇತ್ತು. ವಾಟ್ಸಾಪ್‌ನವರು ‘ನಮ್ಮಲ್ಲಿ ತೊಂದರೆ ಆಗಿದೆ’ ಅಂತ ಹೇಳಿಕೊಂಡಿದ್ದು ಟ್ವಿಟರ್‌ನಲ್ಲಿ. ಜಿಮೇಲ್ ಕೂಡ ಆಗಾಗ ನಿಲ್ಲುತ್ತೆ, ಇಲ್ಲ ಅನ್ನುವುದಿಲ್ಲ. ಆದರೆ ಅವರ ಕಡೆಯ ಸರ್ವರ್ ನಿಂತಿದ್ದರೆ ನಿಮ್ಮ ಕಡೆಯದು ಮೇಲನ್ನು ಇಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ಬಡಿಯುತ್ತೆ. ನಾಲ್ಕೈದು ದಿನ ಹೀಗೆ ಪ್ರಯತ್ನಿಸಬೇಕು ಅನ್ನುವುದು ಮೊದಲಿನಿಂದ ಬಂದ ರೂಢಿ. ಕೊನೆಗೂ ತಲುಪದಿದ್ದರೆ ‘ತಲುಪಲಿಲ್ಲ’ ಅಂತ ನಿಮಗೆ ವಾಪಸ್ ತಿಳಿಸುತ್ತೆ.

ಇಷ್ಟೆಲ್ಲ ಹೊಗಳಿದೆ ಅಂತ ಇಮೇಲನ್ನು ಕಣ್ಣುಮುಚ್ಚಿ ನಂಬಬೇಡಿ. ಗುಟ್ಟಿನ ವಿಷಯದಲ್ಲಿ ವಾಟ್ಸಾಪೇ ಮೇಲು. 2016ರ ಏಪ್ರಿಲ್‌ನಿಂದ ಅಲ್ಲಿನ ಮೆಸೇಜು ಕಳಿಸಿದವರಿಗೂ ಪಡೆದವರಿಗೂ ಬಿಟ್ಟು ನಡುವಿನ ಯಾರಿಗೂ ಓದಲು ಸಿಗುವುದಿಲ್ಲ. ಸಾಮಾನ್ಯ ಇಮೇಲ್‌ಗೆ ಆ ಬೀಗ ಇಲ್ಲ. ಇನ್ನೊಂದು ಮೋಸ ವ್ಯಾಪಾರಿಗಳಿಗೆಂದೇ ಹೆಣೆದದ್ದು. ಯಾರೋ ನಿಮ್ಮ ಅಥವಾ ಪಾರ್ಟಿಯ ಮೇಲ್ ಒಳಗೆ ನುಸುಳಿ ವಾರಗಟ್ಟಲೆ ಸುಮ್ಮನೆ ಓದುತ್ತಾರೆ. ಬಿಲ್ಲು ಹೋಗುವ ಹೊತ್ತಿಗೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ನಿಮ್ಮ ಹೆಸರಲ್ಲೇ ಒಂದು ಮೇಲ್ ಹಾಕುತ್ತಾರೆ. ದುಡ್ಡು ಅಲ್ಲಿಗೆ ಹೋಗುತ್ತೆ. ಹಾಗಾಗಿ ಖಾತೆ ನಂಬರು ಬದಲಾದ ಸುದ್ದಿ ಎಲ್ಲಿಂದಲೇ ಬರಲಿ, ಮೊದಲೇ ಗೊತ್ತಿರುವ ನಂಬರಿಗೆ ಫೋನ್ ಮಾಡಿ, ದನಿ ಗುರುತಿಸಿದ ಮೇಲೆಯೇ ನಂಬಿ. ನಿಮ್ಮ ಪಾರ್ಟಿಗಳಿಗೂ ಹಾಗೆಯೇ ಮಾಡಲು ಹೇಳಿ.

ಈಗ ಏರ್ಪಾಡಿನ ಮಾತು. ಶಾಪಿನ ಹೆಸರಲ್ಲಿ ಒಂದು ಡೊಮೈನ್, ಅಂದರೆ ಇಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ನಿಮ್ಮದೇ ಹೆಸರು, ಕೊಳ್ಳಿ. ಕೊನೆಯಲ್ಲಿ ‘.ಇನ್’ ಇರುವುದು ವರ್ಷಕ್ಕೆ ಸುಮಾರು ಸಾವಿರ ರೂಪಾಯಿಗೆ ಸಿಗುತ್ತೆ. ಅದರಲ್ಲಿ ವಿಳಾಸ ಮಾಡಿಕೊಂಡರೆ, ಮುಂದೆ ಮೇಲ್ ಕಂಪನಿ ಬದಲಿಸಿದರೂ ವಿಳಾಸ ನಿಮ್ಮದಾಗಿಯೇ ಇರುತ್ತೆ. ಮನೆ ಬದಲಿಸಿದರೂ ಬಾಗಿಲಿನ ಬೋರ್ಡು ಕಿತ್ತುಕೊಂಡು ಹೋದ ಹಾಗೆ. ಮಾಡಿಕೊಡುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿದ್ದೀರಾ ಅಂತ ಕೇಳಿ, ಮೇಲ್ ನಿಜವಾಗಿ ನಿಮ್ಮಿಂದಲೇ ಬಂದದ್ದು ಅಂತ ತೋರಿಸುವ ಗುರುತುಗಳು ಅವು. ಇಲ್ಲದಿದ್ದರೆ ನಿಮ್ಮ ಮೇಲ್ ಸ್ಪ್ಯಾಮ್‌ಗೆ ಬೀಳುತ್ತೆ. ಡೊಮೈನ್ ಖಾತೆ, ಅದರ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಲಿ, ಮಾಡಿಕೊಟ್ಟವರ ಕೈಯಲ್ಲಲ್ಲ. ಅಂಗಡಿ ಹುಡುಗನ ಕಥೆ ಮರೆಯಬೇಡಿ. ವಾಟ್ಸಾಪ್ ಬಿಸಿನೆಸ್‌ಗೆ ಸಂಸ್ಥೆಯ ಹೆಸರಲ್ಲೇ ಬೇರೆ ಸಿಮ್ ತೆಗೆದುಕೊಳ್ಳಿ. ಆರು ಅಂಕಿಯ ಪಿನ್ ಹಾಕಿ. ಪಿನ್ ಮರೆತರೆ ಬಿಡಿಸಲು ಅದೂ ಒಂದು ಇಮೇಲ್ ವಿಳಾಸ ಕೇಳುತ್ತೆ, ಕೊಡಿ.

ಲೋನು, ಆಫರ್ ಕಾಟಕ್ಕೆ ಹಳೆಯ ಜಿಮೇಲನ್ನು ಹಾಗೇ ಬಿಡಿ, ಆದರೆ ಮರೆಯಬೇಡಿ. ಜಿಎಸ್‌ಟಿ ನೋಂದಣಿ ಮಾಡಿಸುವಾಗ ಮೊಬೈಲಿನ ಜೊತೆ ಒಂದು ಇಮೇಲ್‌ಗೂ ಒಟಿಪಿ ಬಂದಿರುತ್ತೆ. ಅಲ್ಲಿ ಕೊಟ್ಟ ವಿಳಾಸ ನಿಮ್ಮದೋ, ನಿಮ್ಮ ಲೆಕ್ಕ ನೋಡುವವರದೋ? ಇವತ್ತೇ ಕೇಳಿ. ತೆರಿಗೆಯ ನೋಟಿಸು ವಾಟ್ಸಾಪ್ ಗ್ರೂಪಿಗೆ ಬರುವುದಿಲ್ಲ.

ಕೊನೆಗೆ ಆ ರಿಜೆಕ್ಟ್ ಆದ ಲಾಟ್. ಚಾಟ್ ಅಳಿಸಬೇಡಿ. ಫೋನ್ ಬದಲಿಸುವುದಿದ್ದರೆ ಸ್ವಲ್ಪ ದಿನ ತಡೆಯಿರಿ. ನಿಮ್ಮದು ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಆಗಿದ್ದರೆ, ಸಣ್ಣ ಉದ್ಯಮಗಳಿಗೆಂದೇ ಮಾಡಿದ 2006ರ ಎಂಎಸ್‌ಎಂಇಡಿ ಕಾಯಿದೆ ನಿಮ್ಮ ಜೊತೆಗಿದೆ. ಮಾಲು ತಲುಪಿದ 15 ದಿನದೊಳಗೆ ಅವರು ಬರಹದಲ್ಲಿ ತಕರಾರು ಎತ್ತದಿದ್ದರೆ ಮಾಲು ಒಪ್ಪಿಕೊಂಡ ಹಾಗೆ. ಆಗ ದುಡ್ಡು ಕೊಡಲು, ಏನೇ ಒಪ್ಪಂದ ಇದ್ದರೂ, ಮಾಲು ತಲುಪಿದ ದಿನದಿಂದ 45 ದಿನ ಮೀರುವ ಹಾಗಿಲ್ಲ. ಹಾಗಾಗಿ ಮೊದಲು ಚಲನ್ ಮೇಲೆ ಅವರ ಸ್ಟೋರ್‌ನವರು ಹಾಕಿದ ಸೀಲು ಮತ್ತು ತಾರೀಖು ನೋಡಿ. ರಿಜೆಕ್ಟ್ ಅಂತ ಅವರು ಬರೆದದ್ದು ಯಾವತ್ತು ಅಂತ ಹುಡುಕಿ. ಫೋನಿನಲ್ಲಿ ಬಾಯಿಮಾತಲ್ಲಿ ಹೇಳಿದ್ದರೆ ಅದು ಬರಹ ಅಲ್ಲ. ಆಮೇಲೆ ಮಗಳನ್ನು ಕೂರಿಸಿ ಒಂದು ಮೇಲ್ ಬರೆಸಿ: ಮಾಲು ತಲುಪಿದ ದಿನ, ನಾವು ಅನುಸರಿಸಿದ ಡ್ರಾಯಿಂಗ್ ಲಗತ್ತಿಸಿದೆ, ನೀವು ಕಳಿಸಿದೆವು ಅನ್ನುವ ರಿವಿಷನ್ನಿನ ಮೂಲ ಫೈಲು ಮತ್ತು ಅದನ್ನು ಕಳಿಸಿದ ಗಂಟೆ ದಯವಿಟ್ಟು ತಿಳಿಸಿ. ಜಗಳದ ಮಾತು ಒಂದೂ ಬೇಡ, ಅವರು ನಾಳೆಯೂ ನಿಮ್ಮ ಪಾರ್ಟಿಯೇ. ಅವರು ಹೇಳುವ ಗಂಟೆಯೂ ನಿಮ್ಮ ಫೋನಿನ ಆ ಡಿಲೀಟ್ ಆದ ಸಾಲಿನ ಗಂಟೆಯೂ ಒಂದೇ ಆಗಿದ್ದರೆ, ಲಾಟ್‌ನ ನಷ್ಟ ಹೇಗೆ ಹಂಚಿಕೊಳ್ಳುವುದು ಅಂತ ಎದುರು ಕೂತು ಮಾತಾಡಿ.